ಇನ್‌ಸ್ಟಾಲರ್ ಒಳಗೆ ಬೇರೆಯವರ ಲೈಬ್ರರಿ: ಲೈಸೆನ್ಸ್ ತಪ್ಪದ ಹಾಗೆ ಪ್ಯಾಕ್ ಮಾಡುವ ಸಮಗ್ರ ಮಾರ್ಗದರ್ಶಿ

ಬಿಡುಗಡೆಗೆ ಒಂದು ದಿನ ಇರುವಾಗ ಯಾರಿಗೋ ಲೈಸೆನ್ಸ್ ನೆನಪಾಗುತ್ತದೆ. ಪ್ರಾಜೆಕ್ಟ್‌ಗೆ ಬೇಕಾದ ಬೇರೆಯವರ ಲೈಬ್ರರಿಗಳ (ಸಿದ್ಧ ಕೋಡ್‌ಗಳ) ಹೆಸರಿರುವ ಡಿಪೆಂಡೆನ್ಸಿ ಫೈಲ್ ತೆಗೆದು, ಅದರಲ್ಲಿರುವ ನಾಲ್ಕೈದು ಹೆಸರು ನೋಡಿ, ಅಷ್ಟಕ್ಕೂ ಲೈಸೆನ್ಸ್ ಹುಡುಕಿ, ಎಲ್ಲವನ್ನೂ ಒಂದು ಟೆಕ್ಸ್ಟ್ ಫೈಲ್‌ಗೆ ಅಂಟಿಸಿ, ಇನ್‌ಸ್ಟಾಲರ್‌ನ ‘ನಾನು ಒಪ್ಪುತ್ತೇನೆ’ ಪುಟದಲ್ಲಿ ತೋರಿಸಿದರೆ ಆಯಿತು ಅಂದುಕೊಳ್ಳುತ್ತೇವೆ. ಆಮೇಲೆ ಗ್ರಾಹಕರ ಕಡೆಯವರು ಆ ಇನ್‌ಸ್ಟಾಲರ್ ಬಿಚ್ಚಿ ನೋಡುತ್ತಾರೆ. ಪಟ್ಟಿಯಲ್ಲಿ ಐದು ಹೆಸರು, ಒಳಗೆ ಅದರ ಎಷ್ಟೋ ಪಟ್ಟು ಲೈಬ್ರರಿ.

ಹೀಗಾಗುವುದು ಕೆಲಸವನ್ನು ಕೊನೆಯಿಂದ ಶುರು ಮಾಡುವುದರಿಂದ. ಇನ್‌ಸ್ಟಾಲರ್ ಒಳಗೆ ನಿಜವಾಗಿ ಏನಿದೆ ಎಂದು ಮೊದಲು ಎಣಿಸಬೇಕು. ಆಮೇಲೆ ಲೈಸೆನ್ಸ್ ಗುರುತಿಸುವುದು, ಇಟ್ಟುಕೊಳ್ಳುವುದೋ ಬಿಡುವುದೋ ತೀರ್ಮಾನಿಸುವುದು. ಪಠ್ಯ ಸೇರಿಸುವ ಕೆಲಸ ಅದೆಲ್ಲಾ ಆದ ಮೇಲೆ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ, ಮಧ್ಯೆ ಹಾರಬೇಡಿ.

## ಮೊದಲು ಸಿದ್ಧ ಮಾಡಿಕೊಳ್ಳಬೇಕಾದದ್ದು

ಏನೂ ಇನ್‌ಸ್ಟಾಲ್ ಆಗಿರದ ಒಂದು ವರ್ಚುವಲ್ ಮೆಷಿನ್ ಬೇಕು. ನಿಮ್ಮ ಡೆವಲಪ್‌ಮೆಂಟ್ ಕಂಪ್ಯೂಟರ್ ಈ ಕೆಲಸಕ್ಕೆ ಆಗುವುದಿಲ್ಲ. ಅದರಲ್ಲಿ ಎಲ್ಲಾ ಲೈಬ್ರರಿಗಳೂ ಮೊದಲೇ ಇರುತ್ತವೆ, ಹಾಗಾಗಿ ಏನು ಬಿಟ್ಟುಹೋಗಿದೆ ಎಂದು ಗೊತ್ತೇ ಆಗುವುದಿಲ್ಲ.

ಇನ್‌ಸ್ಟಾಲರ್ ಬಿಚ್ಚಲು 7-ಜಿಪ್ ಬಹಳಷ್ಟು ಕಡೆ ಸಾಕು. ಇನ್‌ಸ್ಟಾಲರ್ ತಯಾರಿಸುವ ಇನ್ನೋ ಸೆಟಪ್ ಎಂಬ ಟೂಲ್‌ನಿಂದ ಮಾಡಿದ್ದಾದರೆ ಇನ್ನೋಎಕ್ಸ್‌ಟ್ರಾಕ್ಟ್ ಬೇಕಾಗುತ್ತದೆ. ಯಾವ ಫೈಲ್ ಯಾವ ಲೈಬ್ರರಿಯನ್ನು ಕರೆಯುತ್ತದೆ ಎಂದು ನೋಡಲು ವಿಂಡೋಸ್‌ನಲ್ಲಿ ಡಂಪ್‌ಬಿನ್, ಲಿನಕ್ಸ್‌ನಲ್ಲಿ ಎಲ್‌ಡಿಡಿ, ಮ್ಯಾಕ್‌ನಲ್ಲಿ ಓಟೂಲ್. ಲೈಸೆನ್ಸ್ ಪಟ್ಟಿಗೆ ಪೈಥಾನ್‌ನಲ್ಲಿ ಪಿಪ್-ಲೈಸೆನ್ಸಸ್, ರಸ್ಟ್‌ನಲ್ಲಿ ಕಾರ್ಗೋ-ಅಬೌಟ್, ಗೋ ಭಾಷೆಯಲ್ಲಿ ಗೋ-ಲೈಸೆನ್ಸಸ್. ಸೋರ್ಸ್ ಕೋಡ್ ಒಳಗೇ ಲೈಸೆನ್ಸ್ ಹುಡುಕಬೇಕಾದರೆ ಸ್ಕ್ಯಾನ್‌ಕೋಡ್. ಇದರ ಜೊತೆ ಒಂದು ಸ್ಪ್ರೆಡ್‌ಶೀಟ್. ಕೊನೆಯವರೆಗೂ ನಿಮ್ಮ ಕೈಯಲ್ಲಿರುವುದು ಇದೇ.

## ಹಂತ 1: ನಿಮ್ಮದೇ ಇನ್‌ಸ್ಟಾಲರ್ ಬಿಚ್ಚಿ ನೋಡಿ

ಬಿಡುಗಡೆಗೆ ಸಿದ್ಧವಾದ ಇನ್‌ಸ್ಟಾಲರ್ ಫೈಲನ್ನೇ ತೆಗೆದುಕೊಳ್ಳಿ. ಸೋರ್ಸ್ ಫೋಲ್ಡರ್ ಬೇಡ, ಬಿಲ್ಡ್ ಫೋಲ್ಡರ್ ಕೂಡ ಬೇಡ. ಬಳಕೆದಾರರ ಕೈಗೆ ಹೋಗುವುದು ಯಾವುದೋ ಅದನ್ನೇ ಬಿಚ್ಚಿ, ಅಥವಾ ಖಾಲಿ ಮೆಷಿನ್‌ನಲ್ಲಿ ಇನ್‌ಸ್ಟಾಲ್ ಮಾಡಿ, ಒಳಗಿರುವ ಪ್ರತಿಯೊಂದು ಫೈಲ್ ಹೆಸರನ್ನೂ ಶೀಟ್‌ಗೆ ಇಳಿಸಿ.

ಒಂದು ಉದಾಹರಣೆ ನೋಡೋಣ. ಪೈಥಾನ್‌ನಲ್ಲಿ ಬರೆದ ಚಿಕ್ಕ ಪ್ರೋಗ್ರಾಂ, ಹೊರಗಿನಿಂದ ತಂದದ್ದು ಚಿತ್ರ, ವೀಡಿಯೋ ಕೆಲಸದ ಲೈಬ್ರರಿ ಓಪನ್‌ಸಿವಿ ಒಂದೇ. ಪೈಥಾನ್ ಪ್ರೋಗ್ರಾಂಗಳನ್ನು ಪ್ಯಾಕ್ ಮಾಡುವ ಪೈಇನ್‌ಸ್ಟಾಲರ್ ಬಳಸಿ, ಬಂದ ಫೋಲ್ಡರ್ ತೆರೆದರೆ ಪೈಥಾನ್‌ನ ಡಿಎಲ್‌ಎಲ್ (ವಿಂಡೋಸ್‌ನಲ್ಲಿ ಬೇರೆ ಫೈಲ್ ಆಗಿರುವ ಲೈಬ್ರರಿ) ಇದೆ, ಅದರ ಜೊತೆ ಓಪನ್‌ಎಸ್‌ಎಸ್‌ಎಲ್‌ನ ಎರಡು ಡಿಎಲ್‌ಎಲ್ ಇರಬಹುದು, ಲಿಬ್‌ಎಫ್‌ಎಫ್‌ಐ ಇರಬಹುದು, ಸಿ, ಸಿ++ ಕೋಡ್ ಓಡಲು ಬೇಕಾದ ಮೈಕ್ರೋಸಾಫ್ಟ್‌ನ ವಿಸಿ ರನ್‌ಟೈಮ್ ಇದೆ. ಓಪನ್‌ಸಿವಿ ಎಳೆದು ತಂದ ನಮ್‌ಪೈ ಇದೆ, ನಮ್‌ಪೈ ತನ್ನ ಜೊತೆ ತಂದ ಓಪನ್‌ಬ್ಲಾಸ್ ಇದೆ. ಓಪನ್‌ಸಿವಿ ಫೋಲ್ಡರ್ ಒಳಗೆ ಹೆಸರಿನಲ್ಲೇ ಎಫ್‌ಎಫ್‌ಎಂಪೆಗ್ ಎಂದಿರುವ ಇನ್ನೊಂದು ಡಿಎಲ್‌ಎಲ್ ಕೂಡ ಇದೆ.

ಈಗ ಪಿಪ್-ಲೈಸೆನ್ಸಸ್ ಓಡಿಸಿ. ಓಪನ್‌ಸಿವಿ ಮುಂದೆ ಅಪಾಚೆ ಲೈಸೆನ್ಸ್ ಎಂದು ಬರುತ್ತದೆ. ಅದು ಸರಿಯೇ, ಆದರೆ ಒಳಗೆ ಕೂತಿರುವ ವೀಡಿಯೋ ಲೈಬ್ರರಿ ಎಫ್‌ಎಫ್‌ಎಂಪೆಗ್‌ನ ಲೈಸೆನ್ಸ್ ಎಲ್‌ಜಿಪಿಎಲ್ 2.1, ಅದರ ಷರತ್ತುಗಳು ಹೆಚ್ಚು. ಪ್ಯಾಕೇಜ್ ಪಟ್ಟಿ ನೋಡಿದವರಿಗೆ ಅಪಾಚೆ ಮಾತ್ರ ಕಾಣುತ್ತದೆ, ಫೋಲ್ಡರ್ ತೆರೆದವರಿಗೆ ಎರಡೂ ಕಾಣುತ್ತವೆ. ಅದಕ್ಕೇ ಫೋಲ್ಡರ್‌ನಿಂದ ಶುರು ಮಾಡಿ ಎಂದು ಇಷ್ಟು ಒತ್ತಿ ಹೇಳುತ್ತಿದ್ದೇನೆ.

## ಹಂತ 2: ಕಣ್ಣಿಗೆ ಬೀಳದವನ್ನೂ ಪಟ್ಟಿಗೆ ಸೇರಿಸಿ

ಫೋಲ್ಡರ್‌ನಲ್ಲಿ ಕಂಡದ್ದು ಅರ್ಧ ಪಟ್ಟಿ ಮಾತ್ರ. ಮುಖ್ಯ ಎಕ್ಸಿಕ್ಯೂಟಬಲ್ ಒಳಗೇ ಕರಗಿಹೋದವು ಬೇರೆ ಇವೆ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದವು (ಬೇರೆ ಡಿಎಲ್‌ಎಲ್ ಆಗಿರದೆ ಬಿಲ್ಡ್ ಮಾಡುವಾಗಲೇ ಒಳಗೆ ಸೇರಿದವು), ಬರೀ ಹೆಡರ್ ಫೈಲ್ ಇರುವ ಸಿ++ ಲೈಬ್ರರಿಗಳು, ರಸ್ಟ್ ಮತ್ತು ಗೋ ಪ್ರೋಗ್ರಾಂಗಳ ಹೆಚ್ಚುಕಡಿಮೆ ಎಲ್ಲಾ ಡಿಪೆಂಡೆನ್ಸಿಗಳು. ಇವಕ್ಕೆ ಬಿಲ್ಡ್ ಸ್ಕ್ರಿಪ್ಟ್ ಮತ್ತು ಲಾಕ್ ಫೈಲ್ (ಬಳಸಿದ ಪ್ರತಿ ಲೈಬ್ರರಿಯ ನಿಖರ ಆವೃತ್ತಿ ಬರೆದಿರುವ ಫೈಲ್) ನೋಡಲೇಬೇಕು.

ಜಾವಾಸ್ಕ್ರಿಪ್ಟ್ ಇದ್ದರೆ ಇನ್ನೂ ಹುಷಾರಾಗಿರಿ. ಹತ್ತಾರು ಪ್ಯಾಕೇಜ್‌ಗಳು ಒಂದೇ ಫೈಲ್ ಆಗಿ ಬಂಡಲ್ ಆಗುವಾಗ, ಫೈಲ್ ಚಿಕ್ಕದಾಗಲಿ ಎಂದು ಕಾಮೆಂಟ್‌ಗಳನ್ನು ಅಳಿಸುತ್ತಾರೆ. ಕಾಪಿರೈಟ್ ಸಾಲುಗಳು ಇರುವುದೇ ಆ ಕಾಮೆಂಟ್‌ಗಳಲ್ಲಿ, ಅಲ್ವಾ? ಲೈಸೆನ್ಸ್‌ಗಳನ್ನು ಬೇರೆ ಫೈಲ್‌ಗೆ ತೆಗೆದಿಡುವ ಪ್ಲಗಿನ್ ಬಂಡ್ಲರ್‌ಗೆ ಹಾಕಿಕೊಳ್ಳಿ.

ರನ್ ಆಗುವಾಗ ಲೋಡ್ ಆಗುವ ಪ್ಲಗಿನ್‌ಗಳು ಡಂಪ್‌ಬಿನ್ ಕೊಡುವ ಪಟ್ಟಿಯಲ್ಲಿ ಬರುವುದಿಲ್ಲ. ಪ್ರೋಗ್ರಾಂ ಓಡಿಸಿ, ಎಲ್ಲಾ ಕೆಲಸಗಳನ್ನೂ ಒಮ್ಮೆ ಮಾಡಿಸಿ, ಪ್ರಾಸೆಸ್ ಎಕ್ಸ್‌ಪ್ಲೋರರ್‌ನಲ್ಲಿ ಯಾವ ಡಿಎಲ್‌ಎಲ್ ಲೋಡ್ ಆಗಿದೆ ನೋಡಿ. ಫಾಂಟ್, ಐಕಾನ್, ಶಬ್ದದ ಫೈಲ್‌ಗಳೂ ಬೇರೆಯವರ ಆಸ್ತಿಯೇ. ಉಚಿತವಾಗಿ ಸಿಕ್ಕ ಐಕಾನ್ ಕ್ರಿಯೇಟಿವ್ ಕಾಮನ್ಸ್‌ನ ‘ನಾನ್‌ಕಮರ್ಷಿಯಲ್’ ಲೈಸೆನ್ಸ್‌ನದಾಗಿದ್ದರೆ ಮಾರುವ ಸಾಫ್ಟ್‌ವೇರ್‌ನಲ್ಲಿ ಇಡುವಂತಿಲ್ಲ. ಸ್ಟಾಕ್ ಓವರ್‌ಫ್ಲೋದಿಂದ ಎತ್ತಿಕೊಂಡ ಕೋಡ್‌ಗೂ ಲೈಸೆನ್ಸ್ ಇದೆ. ಅಲ್ಲಿನ ಬರಹ ಕ್ರಿಯೇಟಿವ್ ಕಾಮನ್ಸ್‌ನ ‘ಶೇರ್‌ಅಲೈಕ್’ (ಬದಲಾಯಿಸಿ ಹಂಚಿದರೂ ಅದೇ ಲೈಸೆನ್ಸ್ ಇರಬೇಕು) ಅಡಿಯಲ್ಲಿ ಬರುತ್ತದೆ.

ಪ್ರತಿ ಲೈಬ್ರರಿಗೂ ಶೀಟ್‌ನಲ್ಲಿ ಇಷ್ಟು ಬರೆಯಿರಿ: ಹೆಸರು, ಸರಿಯಾದ ಆವೃತ್ತಿ ಸಂಖ್ಯೆ, ಎಲ್ಲಿಂದ ತಂದದ್ದು, ನಾವು ಬದಲಾಯಿಸಿದ್ದೇವೆಯೇ, ಸ್ಟ್ಯಾಟಿಕ್ಕೋ ಡೈನಾಮಿಕ್ಕೋ, ಲೈಸೆನ್ಸ್ ಯಾವುದು.

## ಹಂತ 3: ಲೈಸೆನ್ಸನ್ನು ಆ ಆವೃತ್ತಿಯ ಸೋರ್ಸ್‌ನಲ್ಲೇ ನೋಡಿ

ಪ್ರಾಜೆಕ್ಟ್‌ನ ಮುಖಪುಟದಲ್ಲಿ ಕಾಣುವುದು ಇವತ್ತಿನ ಲೈಸೆನ್ಸ್. ನಿಮ್ಮ ಇನ್‌ಸ್ಟಾಲರ್‌ನಲ್ಲಿ ಇರುವುದು ಹಳೆಯ ಆವೃತ್ತಿ ಇರಬಹುದು. ಓಪನ್‌ಎಸ್‌ಎಸ್‌ಎಲ್ 3.0 ಬಂದದ್ದು 2021ರ ಸೆಪ್ಟೆಂಬರ್‌ನಲ್ಲಿ, ಅಲ್ಲಿಂದ ಅದು ಅಪಾಚೆ 2.0. ಅದಕ್ಕೂ ಹಿಂದಿನ 1.1.1ಕ್ಕೆ ಬೇರೆಯದೇ ಲೈಸೆನ್ಸ್, ಜಾಹೀರಾತಿನಲ್ಲೂ ಹೆಸರು ಹೇಳಬೇಕು ಎಂಬ ಷರತ್ತು ಅದರಲ್ಲಿತ್ತು. ಹೆಸರು ಒಂದೇ, ಕಟ್ಟುಪಾಡು ಬೇರೆ. ಆದ್ದರಿಂದ ನೀವು ಬಳಸಿದ ಆವೃತ್ತಿಯ ಟ್ಯಾಗ್‌ಗೇ (ಸೋರ್ಸ್‌ನಲ್ಲಿ ಆ ಆವೃತ್ತಿಗೆ ಹಾಕಿದ ಗುರುತಿಗೆ) ಹೋಗಿ ಅಲ್ಲಿರುವ ಲೈಸೆನ್ಸ್ ಫೈಲ್ ತೆಗೆದುಕೊಳ್ಳಿ.

ಶೀಟ್‌ನಲ್ಲಿ ಬರೆಯುವಾಗ ಎಸ್‌ಪಿಡಿಎಕ್ಸ್ ಗುರುತುಗಳನ್ನೇ (ಪ್ರತಿ ಲೈಸೆನ್ಸ್‌ಗೂ ಇರುವ ನಿಗದಿತ ಚಿಕ್ಕ ಹೆಸರುಗಳನ್ನೇ) ಬಳಸಿ. ಸುಮ್ನೆ ‘ಜಿಪಿಎಲ್’ ಎಂದು ಬರೆದರೆ ಯಾರಿಗೂ ಉಪಯೋಗವಿಲ್ಲ. ‘2 ಮಾತ್ರ’ ಮತ್ತು ‘2 ಅಥವಾ ಮುಂದಿನದು’ ಇವೆರಡರ ನಡುವೆ ದೊಡ್ಡ ವ್ಯತ್ಯಾಸ ಇದೆ. ಅಪಾಚೆ 2.0 ಕೋಡನ್ನು ಜಿಪಿಎಲ್ 3ರ ಜೊತೆ ಸೇರಿಸಬಹುದು, ಜಿಪಿಎಲ್ 2 ಮಾತ್ರ ಎಂದಿರುವುದರ ಜೊತೆ ಸೇರಿಸಲು ಆಗುವುದಿಲ್ಲ ಎಂಬುದು ಜಿಪಿಎಲ್ ಬರೆದ ಫ್ರೀ ಸಾಫ್ಟ್‌ವೇರ್ ಫೌಂಡೇಶನ್‌ನದ್ದೇ ನಿಲುವು.

ಲೈಸೆನ್ಸ್ ಫೈಲೇ ಇಲ್ಲದಿದ್ದರೆ? ಹಾಗಿದ್ದರೆ ಅದನ್ನು ಹಂಚುವ ಹಕ್ಕು ನಿಮಗಿಲ್ಲ. ಕೋಡ್ ಎಲ್ಲರಿಗೂ ಕಾಣುವಂತೆ ಇಟ್ಟಿದ್ದಾರೆ ಎಂದ ಮಾತ್ರಕ್ಕೆ ಅನುಮತಿ ಕೊಟ್ಟ ಹಾಗಲ್ಲ. ಬರೆದವರನ್ನು ಕೇಳಿ, ಇಲ್ಲವಾದರೆ ಬೇರೆ ಲೈಬ್ರರಿ ನೋಡಿ.

## ಹಂತ 4: ಯಾವುದನ್ನು ಇಡುವುದು, ಯಾವುದನ್ನು ಬಿಡುವುದು

ಎಂಐಟಿ, ಬಿಎಸ್‌ಡಿ: ಕಾಪಿರೈಟ್ ಸಾಲು ಮತ್ತು ಲೈಸೆನ್ಸ್ ಪಠ್ಯ ಜೊತೆಗಿರಬೇಕು, ಅಷ್ಟೇ. ಅಪಾಚೆ 2.0ಗೆ ಲೈಸೆನ್ಸ್ ಪ್ರತಿಯ ಜೊತೆ, ಮೂಲದಲ್ಲಿ ‘ನೋಟಿಸ್’ ಎಂಬ ಫೈಲ್ ಇದ್ದರೆ ಅದರಲ್ಲಿರುವ ಹೆಸರುಗಳೂ ಬೇಕು. ಇದನ್ನು ಮರೆಯುವವರೇ ಜಾಸ್ತಿ. ಎಂಪಿಎಲ್ 2.0 (ಮೊಜಿಲ್ಲಾ ಲೈಸೆನ್ಸ್) ಆದರೆ ಅದರ ಅಡಿಯಲ್ಲಿರುವ ಫೈಲ್‌ಗಳ ಸೋರ್ಸ್ ಎಲ್ಲಿ ಸಿಗುತ್ತದೆ ಎಂದು ಬಳಕೆದಾರರಿಗೆ ತಿಳಿಸಬೇಕು. ಎಸ್‌ಕ್ಯುಲೈಟ್ ಪಬ್ಲಿಕ್ ಡೊಮೇನ್. ಜೆಡ್‌ಲಿಬ್ ಮತ್ತು ಬೂಸ್ಟ್ ಲೈಸೆನ್ಸ್‌ಗಳು ಬೈನರಿ ಜೊತೆ ಪಠ್ಯ ಇರಲೇಬೇಕು ಎನ್ನುವುದಿಲ್ಲ. ಆದರೂ ನಾನು ಸೇರಿಸಿಬಿಡುತ್ತೇನೆ, ಬಿಡುವುದಕ್ಕೆ ಯೋಚಿಸುವುದಕ್ಕಿಂತ ಸೇರಿಸುವುದೇ ಸುಲಭ.

ಎಲ್‌ಜಿಪಿಎಲ್‌ನಲ್ಲಿ ಹೆಚ್ಚು ಜನ ಸಿಕ್ಕಿಬೀಳುತ್ತಾರೆ. ಬಳಕೆದಾರರು ಆ ಲೈಬ್ರರಿಯನ್ನು ತಾವೇ ಬದಲಾಯಿಸಿ, ಬದಲಾದದ್ದನ್ನು ನಿಮ್ಮ ಪ್ರೋಗ್ರಾಂ ಜೊತೆ ಓಡಿಸುವಂತಿರಬೇಕು ಎಂಬುದು ಅದರ ತಿರುಳು. ಬೇರೆ ಡಿಎಲ್‌ಎಲ್ ಆಗಿ ಇಟ್ಟರೆ ಇದು ಸುಲಭ. ಸ್ಟ್ಯಾಟಿಕ್ ಆಗಿ ಲಿಂಕ್ ಮಾಡಿದರೆ, ಮತ್ತೆ ಲಿಂಕ್ ಮಾಡಿಕೊಳ್ಳಲು ಬೇಕಾದ ನಿಮ್ಮ ಆಬ್ಜೆಕ್ಟ್ ಫೈಲ್‌ಗಳನ್ನೂ ಕೊಡಬೇಕಾಗುತ್ತದೆ. ಪೈಇನ್‌ಸ್ಟಾಲರ್‌ನಲ್ಲಿ ಎಲ್ಲವನ್ನೂ ಒಂದೇ ಎಕ್ಸಿಕ್ಯೂಟಬಲ್ ಮಾಡುವ ಆಯ್ಕೆ ಚೆಂದ ಕಾಣುತ್ತದೆ, ಆದರೆ ಎಲ್‌ಜಿಪಿಎಲ್ ಲೈಬ್ರರಿ ಇದ್ದಾಗ ನಾನು ಅದನ್ನು ಬಳಸುವುದಿಲ್ಲ. ಫೋಲ್ಡರ್ ಆಗಿ ಬಿಟ್ಟರೆ ಡಿಎಲ್‌ಎಲ್ ಬದಲಾಯಿಸಲು ಯಾರಿಗೂ ತೊಂದರೆಯಿಲ್ಲ. ಮ್ಯಾಕ್‌ನಲ್ಲಿ ಹಾರ್ಡನ್ಡ್ ರನ್‌ಟೈಮ್ ಎಂಬ ಭದ್ರತಾ ಆಯ್ಕೆ ಹಾಕಿದ್ದರೆ, ಬೇರೆಯವರು ಸಹಿ ಮಾಡಿದ ಲೈಬ್ರರಿಯನ್ನು ಅದು ಲೋಡ್ ಮಾಡಲು ಬಿಡುವುದಿಲ್ಲ. ಅದನ್ನೂ ನೋಡಿಕೊಳ್ಳಿ.

ಜಿಪಿಎಲ್ ಲೈಬ್ರರಿಯನ್ನು ನಿಮ್ಮ ಪ್ರೋಗ್ರಾಂಗೆ ಲಿಂಕ್ ಮಾಡಿ ಹಂಚಿದರೆ, ಇಡೀ ಪ್ರೋಗ್ರಾಂ ಜಿಪಿಎಲ್ ಅಡಿಯಲ್ಲೇ ಹೋಗಬೇಕು. ಸೋರ್ಸ್ ಕೊಡಲು ಸಿದ್ಧರಿಲ್ಲ ಎಂದಾದರೆ ಈ ಹಂತದಲ್ಲೇ ಅದನ್ನು ತೆಗೆಯಿರಿ. ಹಲವು ಕಡೆ ಬದಲಿ ಇರುತ್ತದೆ. ಕಿಟಕಿ, ಬಟನ್ ಮಾಡುವ ಕ್ಯೂಟಿ ಲೈಬ್ರರಿಯನ್ನು ಪೈಥಾನ್‌ನಿಂದ ಬಳಸಲು ಇರುವ ಪೈಕ್ಯೂಟಿ ಜಿಪಿಎಲ್ 3 ಅಥವಾ ಹಣ ಕೊಟ್ಟು ಪಡೆಯುವ ಲೈಸೆನ್ಸ್, ಅದೇ ಕೆಲಸ ಮಾಡುವ ಪೈಸೈಡ್6 ಎಲ್‌ಜಿಪಿಎಲ್‌ನಲ್ಲಿ ಸಿಗುತ್ತದೆ. ಆದರೆ ಕ್ಯೂಟಿಯಲ್ಲೂ ಕೆಲವು ಮಾಡ್ಯೂಲ್‌ಗಳು ಎಲ್‌ಜಿಪಿಎಲ್‌ನಲ್ಲಿ ಇಲ್ಲ. ವರ್ಚುವಲ್ ಕೀಬೋರ್ಡ್ ಅಂಥದ್ದು, ಅದು ಜಿಪಿಎಲ್. ಹಾಗಾಗಿ ಒಂದೊಂದು ಮಾಡ್ಯೂಲನ್ನೂ ಬೇರೆಬೇರೆಯಾಗಿ ನೋಡಬೇಕು.

ಎಫ್‌ಎಫ್‌ಎಂಪೆಗ್ ಬಗ್ಗೆ ಎರಡು ಮಾತು ಹೆಚ್ಚಾಗಿಯೇ ಹೇಳಬೇಕು. ಅದು ಮೂಲದಲ್ಲಿ ಎಲ್‌ಜಿಪಿಎಲ್ 2.1 ಅಥವಾ ಮುಂದಿನದು. ಬಿಲ್ಡ್ ಮಾಡುವಾಗ ‘ಎನೇಬಲ್-ಜಿಪಿಎಲ್’ ಹಾಕಿದರೆ ಇಡೀ ಬಿಲ್ಡ್ ಜಿಪಿಎಲ್ ಆಗುತ್ತದೆ, ವೀಡಿಯೋ ಎನ್‌ಕೋಡ್ ಮಾಡುವ ಎಕ್ಸ್264 ಬೇಕೆಂದರೆ ಅದನ್ನು ಹಾಕಲೇಬೇಕು. ‘ಎನೇಬಲ್-ನಾನ್‌ಫ್ರೀ’ ಹಾಕಿದ ಬಿಲ್ಡನ್ನು ಯಾರಿಗೂ ಹಂಚುವಂತೆಯೇ ಇಲ್ಲ. ಎಲ್ಲಿಂದಲೋ ಇಳಿಸಿಕೊಂಡ ಬಿಲ್ಡ್ ಆದರೆ ಕಮಾಂಡ್ ಲೈನ್‌ನಲ್ಲಿ ಅದರ ವರ್ಷನ್ ಕೇಳಿ. ‘ಕಾನ್ಫಿಗರೇಶನ್’ ಎಂಬ ಉದ್ದದ ಸಾಲು ಬರುತ್ತದೆ. ಮೇಲಿನ ಎರಡು ಪದಗಳು ಅದರಲ್ಲಿವೆಯೇ ನೋಡಿ. ಅರ್ಧ ನಿಮಿಷದ ಕೆಲಸ.

ಜಿಪಿಎಲ್ ಪ್ರೋಗ್ರಾಂ ಒಂದನ್ನು ಬೇರೆ ಎಕ್ಸಿಕ್ಯೂಟಬಲ್ ಆಗಿಯೇ ಜೊತೆಗಿಟ್ಟು, ಕಮಾಂಡ್ ಲೈನ್‌ನಿಂದ ಕರೆದರೆ ಸಾಮಾನ್ಯವಾಗಿ ನಿಮ್ಮ ಕೋಡ್‌ಗೆ ಜಿಪಿಎಲ್ ತಗಲುವುದಿಲ್ಲ. ಆದರೆ ಆ ಎಕ್ಸಿಕ್ಯೂಟಬಲ್ ಹಂಚುತ್ತಿರುವುದು ನೀವೇ. ಅದರ ಲೈಸೆನ್ಸ್ ಪಠ್ಯ, ಅದರ ಸೋರ್ಸ್ ಎರಡನ್ನೂ ನೀವೇ ಕೊಡಬೇಕು. ಎರಡು ಪ್ರೋಗ್ರಾಂಗಳು ಒಂದಕ್ಕೊಂದು ತೀರಾ ಹೆಣೆದುಕೊಂಡಿದ್ದರೆ, ಈ ಒಂದು ಪ್ರಶ್ನೆಯನ್ನು ವಕೀಲರ ಬಳಿ ಒಯ್ಯಿರಿ.

## ಹಂತ 5: ಪಠ್ಯಗಳನ್ನು ಒಟ್ಟು ಮಾಡಿ

ಇಲ್ಲಿ ಮತ್ತೆ ಮತ್ತೆ ಕಾಣುವ ತಪ್ಪು ಒಂದಿದೆ. ಇಪ್ಪತ್ತು ಲೈಬ್ರರಿ ಎಂಐಟಿ ಆಗಿದ್ದರೆ, ಒಂದೇ ಎಂಐಟಿ ಪಠ್ಯ ಹಾಕಿ ‘ಇವೆಲ್ಲ ಇದರ ಅಡಿಯಲ್ಲಿ’ ಎಂದು ಬರೆದುಬಿಡುತ್ತಾರೆ. ಎಂಐಟಿ ಕೇಳುವುದು ‘ಮೇಲಿನ ಕಾಪಿರೈಟ್ ಸಾಲು’ ಉಳಿಯಬೇಕು ಎಂದು. ಇಪ್ಪತ್ತು ಲೈಬ್ರರಿಗೆ ಇಪ್ಪತ್ತು ಬೇರೆಬೇರೆ ಸಾಲು, ಇಪ್ಪತ್ತು ಬೇರೆಬೇರೆ ಜನ. ಆ ಹೆಸರು ಉಳಿಸುವುದೇ ಅವರು ಕೇಳಿದ ಏಕೈಕ ಸಂಬಳ. ವರ್ಷ ಮತ್ತು ಹೆಸರಿನ ಜಾಗ ಖಾಲಿ ಇರುವ ಮಾದರಿ ಪಠ್ಯವನ್ನು ಎಲ್ಲಿಂದಲೋ ತಂದು ಅಂಟಿಸಿದರೆ ಷರತ್ತು ಪೂರೈಸಿದಂತೆ ಆಗುವುದೇ ಇಲ್ಲ.

‘ಲೈಸೆನ್ಸಸ್’ ಎಂಬ ಒಂದು ಫೋಲ್ಡರ್ ಮಾಡಿ, ಪ್ರತಿ ಲೈಬ್ರರಿಗೆ ಒಂದು ಫೈಲ್, ಹೆಸರಿನಲ್ಲೇ ಆವೃತ್ತಿ. ಮೂಲ ಫೈಲನ್ನು ಹಾಗೇ ನಕಲು ಮಾಡಿ, ತಿದ್ದಬೇಡಿ, ಅನುವಾದ ಮಾಡಬೇಡಿ. ಎಲ್ಲಾ ಹೆಸರುಗಳ ಒಂದು ಪಟ್ಟಿ ಫೈಲ್ ಮೇಲೆ ಇರಲಿ. ಎಲೆಕ್ಟ್ರಾನ್ (ಕ್ರೋಮಿಯಂ ಬ್ರೌಸರನ್ನು ಒಳಗಿಟ್ಟುಕೊಂಡು ಡೆಸ್ಕ್‌ಟಾಪ್ ಪ್ರೋಗ್ರಾಂ ಮಾಡುವ ಟೂಲ್) ಬಳಸುವವರಿಗೆ ಕ್ರೋಮಿಯಂನ ಲೈಸೆನ್ಸ್‌ಗಳ ದೊಡ್ಡ ಎಚ್‌ಟಿಎಂಎಲ್ ಫೈಲ್ ಅದರ ಜೊತೆಗೇ ಬರುತ್ತದೆ. ಜಾಗ ಉಳಿಸಲು ಅದನ್ನು ಅಳಿಸಬೇಡಿ.

## ಹಂತ 6: ಇನ್‌ಸ್ಟಾಲರ್‌ಗೆ ಸೇರಿಸಿ

ಈ ಫೋಲ್ಡರ್ ಇನ್‌ಸ್ಟಾಲ್ ಆದ ಮೇಲೆ ಡಿಸ್ಕ್‌ನಲ್ಲಿ ಇರಬೇಕು. ಇನ್ನೋ ಸೆಟಪ್‌ನಲ್ಲಿ ‘ಫೈಲ್ಸ್’ ವಿಭಾಗಕ್ಕೆ, ಬೇರೆ ಟೂಲ್ ಆದರೆ ಪ್ರೋಗ್ರಾಂ ಫೈಲ್‌ಗಳನ್ನು ಹೇಗೆ ಸೇರಿಸಿದಿರೋ ಹಾಗೆಯೇ ಸೇರಿಸಿ. ಇನ್‌ಸ್ಟಾಲರ್‌ನ ಪುಟದಲ್ಲಿ ತೋರಿಸಿದರೆ ಸಾಲದು. ಕಂಪನಿಗಳಲ್ಲಿ ಇನ್‌ಸ್ಟಾಲರ್‌ಗಳನ್ನು ಸೈಲೆಂಟ್ ಆಗಿಯೇ ಓಡಿಸುತ್ತಾರೆ, ಆಗ ಒಂದು ಪುಟವೂ ಯಾರ ಕಣ್ಣಿಗೂ ಬೀಳುವುದಿಲ್ಲ.

‘ಒಪ್ಪುತ್ತೇನೆ’ ಬಟನ್ ಇರುವ ಪುಟವನ್ನು ನಿಮ್ಮ ಸ್ವಂತ ಒಪ್ಪಂದಕ್ಕೆ ಇಟ್ಟುಕೊಳ್ಳಿ. ಪ್ರೋಗ್ರಾಂ ಓಡಿಸಲು ಜಿಪಿಎಲ್ ಒಪ್ಪಬೇಕಾಗಿಯೇ ಇಲ್ಲ, ಹಾಗಂತ ಜಿಪಿಎಲ್‌ನಲ್ಲೇ ಬರೆದಿದೆ. ತೋರಿಸಲೇಬೇಕು ಎನಿಸಿದರೆ ಇನ್ನೋ ಸೆಟಪ್‌ನ ‘ಇನ್ಫೋಬಿಫೋರ್‌ಫೈಲ್’ ಬಳಸಿ, ಅದು ಬರೀ ಮಾಹಿತಿ ಪುಟ. ಪ್ರೋಗ್ರಾಂ ಒಳಗೆ ‘ಅಬೌಟ್’ ಕಿಟಕಿಯಲ್ಲೂ ಒಂದು ಕೊಂಡಿ ಕೊಡಿ. ಎಲ್‌ಜಿಪಿಎಲ್ 2.1ರ ಪ್ರಕಾರ, ಪ್ರೋಗ್ರಾಂ ತನ್ನ ಕಾಪಿರೈಟ್ ತೋರಿಸುವ ಕಡೆ ಲೈಬ್ರರಿಯ ಕಾಪಿರೈಟ್ ಕೂಡ ಇರಬೇಕು.

ನಿಮ್ಮ ಒಪ್ಪಂದದ ಪಠ್ಯವನ್ನೂ ಒಮ್ಮೆ ಓದಿ. ‘ಈ ಸಾಫ್ಟ್‌ವೇರ್‌ನ ಯಾವುದೇ ಭಾಗವನ್ನು ರಿವರ್ಸ್ ಎಂಜಿನಿಯರಿಂಗ್ ಮಾಡುವಂತಿಲ್ಲ’ ಎಂಬ ಸಾಲು ಬಹಳಷ್ಟು ಒಪ್ಪಂದಗಳಲ್ಲಿ ಇರುತ್ತದೆ. ಬದಲಾಯಿಸಿದ ಲೈಬ್ರರಿ ಸರಿಯಾಗಿ ಓಡುತ್ತಿದೆಯೇ ಎಂದು ಪರೀಕ್ಷಿಸಲು ರಿವರ್ಸ್ ಎಂಜಿನಿಯರಿಂಗ್‌ಗೆ ಅವಕಾಶ ಇರಬೇಕು ಎನ್ನುತ್ತದೆ ಎಲ್‌ಜಿಪಿಎಲ್. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಓಪನ್ ಸೋರ್ಸ್ ಭಾಗಗಳಿಗೆ ಅವುಗಳ ಲೈಸೆನ್ಸ್‌ಗಳೇ ಅನ್ವಯಿಸುತ್ತವೆ, ಅವು ಕೊಟ್ಟ ಹಕ್ಕುಗಳನ್ನು ಈ ಒಪ್ಪಂದ ಕಸಿಯುವುದಿಲ್ಲ ಎಂಬ ಸಾಲನ್ನು ಸೇರಿಸಿ.

## ಹಂತ 7: ಸೋರ್ಸ್ ಕೋಡ್ ತೆಗೆದಿಡಿ

ಜಿಪಿಎಲ್, ಎಲ್‌ಜಿಪಿಎಲ್ ಲೈಬ್ರರಿ ಇದ್ದರೆ ಅದರ ಸೋರ್ಸ್ ಕೊಡಬೇಕು. ಯಾವ ಸೋರ್ಸ್? ಇನ್‌ಸ್ಟಾಲರ್‌ನಲ್ಲಿರುವ ಬೈನರಿ ಯಾವುದರಿಂದ ಹುಟ್ಟಿತೋ ಅದೇ. ನೀವು ಹಾಕಿದ ಪ್ಯಾಚ್‌ಗಳು, ಬಿಲ್ಡ್ ಸ್ಕ್ರಿಪ್ಟ್, ಕಾನ್ಫಿಗರ್ ಮಾಡಿದ ಆಯ್ಕೆಗಳು ಎಲ್ಲಾ ಸೇರಿ.

ಮೂಲ ಪ್ರಾಜೆಕ್ಟ್‌ನ ಪುಟಕ್ಕೆ ಕೊಂಡಿ ಕೊಟ್ಟು ಸುಮ್ಮನಾಗುವುದು ಅಪಾಯ. ಆ ಪುಟ ನಾಳೆ ಇಲ್ಲವಾದರೂ ಜವಾಬ್ದಾರಿ ನಿಮ್ಮ ಮೇಲೇ ಉಳಿಯುತ್ತದೆ. ಇನ್‌ಸ್ಟಾಲರ್ ಇಳಿಸಿಕೊಳ್ಳುವ ಜಾಗದಲ್ಲೇ ಪಕ್ಕದಲ್ಲಿ ಸೋರ್ಸ್‌ನ ಜಿಪ್ ಇಟ್ಟುಬಿಡಿ. ಎಲ್ಲಕ್ಕಿಂತ ಸುಲಭದ ದಾರಿ ಇದೇ. ಕೇಳಿದವರಿಗೆ ಕೊಡುತ್ತೇವೆ ಎಂದು ಬರೆದು ಕೊಡುವ ದಾರಿಯೂ ಜಿಪಿಎಲ್ 2ರಲ್ಲಿದೆ, ಆದರೆ ಆ ಮಾತು ಕನಿಷ್ಠ 3 ವರ್ಷ ನಡೆಯಬೇಕು, ಯಾರು ಕೇಳಿದರೂ ಕೊಡಬೇಕು. ಮೂರು ವರ್ಷದ ಮೇಲೆ ನಿಮ್ಮ ತಂಡದಲ್ಲಿ ಯಾರಿರುತ್ತಾರೋ ಏನೋ, ಇವತ್ತೇ ಜಿಪ್ ಮಾಡಿಟ್ಟರೆ ಆ ಚಿಂತೆಯಿಲ್ಲ.

## ಹಂತ 8: ರನ್‌ಟೈಮ್ ಫೈಲ್‌ಗಳು, ಅವುಗಳ ಜಾಗ

ಮೈಕ್ರೋಸಾಫ್ಟ್‌ನ ವಿಸಿ ರನ್‌ಟೈಮ್ ಓಪನ್ ಸೋರ್ಸ್ ಅಲ್ಲ, ಆದರೂ ಹಂಚಬಹುದು. ಯಾವ ಫೈಲ್ ಹಂಚಬಹುದು ಎಂಬ ಪಟ್ಟಿ ವಿಷುಯಲ್ ಸ್ಟುಡಿಯೋ ಜೊತೆ ಇದೆ. ಡೀಬಗ್ ಡಿಎಲ್‌ಎಲ್‌ಗಳನ್ನು ಹಂಚುವಂತಿಲ್ಲ. ಹೆಸರಿನಲ್ಲಿ 140 ಆದ ಮೇಲೆ ‘ಡಿ’ ಅಕ್ಷರ ಕಂಡರೆ ಅದು ಡೀಬಗ್ ಬಿಲ್ಡ್. ಅಂಥದ್ದು ಇನ್‌ಸ್ಟಾಲರ್ ಒಳಗಿದ್ದರೆ ನಿಮ್ಮ ಬಿಲ್ಡೇ ತಪ್ಪಾಗಿದೆ.

ಈ ರನ್‌ಟೈಮ್‌ನ ರೀಡಿಸ್ಟ್ರಿಬ್ಯೂಟಬಲ್ ಪ್ಯಾಕೇಜನ್ನು ನಿಮ್ಮ ಇನ್‌ಸ್ಟಾಲರ್‌ನಿಂದ ಓಡಿಸುವಾಗ ಎರಡು ಎಕ್ಸಿಟ್ ಕೋಡ್ ನೆನಪಿಡಿ. 3010 ಎಂದರೆ ಇನ್‌ಸ್ಟಾಲ್ ಆಗಿದೆ, ರೀಸ್ಟಾರ್ಟ್ ಬೇಕು. 1638 ಎಂದರೆ ಬೇರೆ ಆವೃತ್ತಿ ಆಗಲೇ ಇದೆ, ಸಾಮಾನ್ಯವಾಗಿ ಇನ್ನೂ ಹೊಸದು. ಸೊನ್ನೆ ಬರದಿದ್ದರೆ ಎಲ್ಲವೂ ಸೋಲು ಎಂದು ಬರೆದ ಸ್ಕ್ರಿಪ್ಟ್‌ಗಳು ಇಲ್ಲಿ ಸುಮ್ಮಸುಮ್ಮನೆ ನಿಂತುಬಿಡುತ್ತವೆ.

ಬೇರೆಯವರ ಡಿಎಲ್‌ಎಲ್‌ಗಳನ್ನು ನಿಮ್ಮ ಪ್ರೋಗ್ರಾಂ ಫೋಲ್ಡರ್‌ನಲ್ಲೇ ಇಡಿ, ವಿಂಡೋಸ್‌ನ ಸಿಸ್ಟಂ32 ಫೋಲ್ಡರ್‌ಗೆ ಹಾಕಬೇಡಿ. ಹಾಕಿದರೆ ಇನ್ನೊಂದು ಪ್ರೋಗ್ರಾಂನ ಫೈಲ್ ಮೇಲೆ ಬರೆದು ಅದನ್ನು ಕೆಡಿಸಬಹುದು, ಇಲ್ಲವೇ ಅನ್‌ಇನ್‌ಸ್ಟಾಲ್ ಮಾಡುವಾಗ ಅದಕ್ಕೆ ಬೇಕಾದದ್ದನ್ನೇ ಅಳಿಸಬಹುದು.

## ಹಂತ 9: ಖಾಲಿ ಮೆಷಿನ್‌ನಲ್ಲಿ ಪರೀಕ್ಷೆ

ಸೈಲೆಂಟ್ ಆಗಿ ಇನ್‌ಸ್ಟಾಲ್ ಮಾಡಿ. ಪ್ರೋಗ್ರಾಂ ಓಡುತ್ತದೆಯೇ? ಲೈಸೆನ್ಸಸ್ ಫೋಲ್ಡರ್ ಬಂದಿದೆಯೇ? ಈಗ ಫೋಲ್ಡರ್‌ನಲ್ಲಿರುವ ಡಿಎಲ್‌ಎಲ್‌ಗಳನ್ನು ಶೀಟ್ ಜೊತೆ ಒಂದೊಂದಾಗಿ ಹೋಲಿಸಿ. ಶೀಟ್‌ನಲ್ಲಿಲ್ಲದ ಒಂದು ಫೈಲ್ ಸಿಕ್ಕರೂ ಹಂತ 2ಕ್ಕೆ ವಾಪಸ್ ಹೋಗಿ.

ಎಲ್‌ಜಿಪಿಎಲ್ ಡಿಎಲ್‌ಎಲ್ ಇದ್ದರೆ ಅದನ್ನು ನೀವೇ ಬೇರೆಯಾಗಿ ಬಿಲ್ಡ್ ಮಾಡಿ, ಹಳೆಯದರ ಜಾಗದಲ್ಲಿ ಹಾಕಿ ಓಡಿಸಿ ನೋಡಿ. ಓಡದಿದ್ದರೆ ಬಳಕೆದಾರರಿಗೂ ಓಡುವುದಿಲ್ಲ. ಸೋರ್ಸ್ ಜಿಪ್ ಅನ್ನೂ ಬಿಚ್ಚಿ, ಅದರಿಂದಲೇ ಬಿಲ್ಡ್ ಆಗುತ್ತದೆಯೇ ನೋಡಿ. ಪ್ಯಾಚ್ ಫೈಲ್ ಬಿಟ್ಟುಹೋದದ್ದು ಗೊತ್ತಾಗುವುದು ಇಲ್ಲೇ.

## ಹಂತ 10: ಬಿಲ್ಡ್‌ನಲ್ಲೇ ಸೇರಿಸಿಬಿಡಿ

ಮುಂದಿನ ಬಿಡುಗಡೆಗೆ ಇದನ್ನೆಲ್ಲಾ ಕೈಯಲ್ಲಿ ಮಾಡಲು ಹೋದರೆ ಮಾಡುವುದಿಲ್ಲ, ಅದು ಖಂಡಿತ. ಸಿಫ್ಟ್‌ನಂಥ ಟೂಲ್ ಬಳಸಿ ಪ್ರತಿ ಬಿಲ್ಡ್‌ಗೂ ಎಸ್‌ಪಿಡಿಎಕ್ಸ್ ಅಥವಾ ಸೈಕ್ಲೋನ್‌ಡಿಎಕ್ಸ್ ಮಾದರಿಯ ಪಟ್ಟಿ ತೆಗೆಸಿ. ಒಪ್ಪಿಗೆ ಇಲ್ಲದ ಲೈಸೆನ್ಸ್ ಅಥವಾ ಶೀಟ್‌ನಲ್ಲಿಲ್ಲದ ಹೊಸ ಫೈಲ್ ಕಂಡರೆ ಬಿಲ್ಡ್ ನಿಲ್ಲಲಿ.

ಈ ಪಟ್ಟಿಯಿಂದ ಇನ್ನೊಂದು ಲಾಭವಿದೆ. 2023ರ ಸೆಪ್ಟೆಂಬರ್‌ನಲ್ಲಿ ವೆಬ್‌ಪಿ ಚಿತ್ರಗಳನ್ನು ತೆರೆಯುವ ಲಿಬ್‌ವೆಬ್‌ಪಿ ಲೈಬ್ರರಿಯ ಭದ್ರತಾ ದೋಷ ಹೊರಬಿದ್ದಾಗ ‘ನಮ್ಮ ಇನ್‌ಸ್ಟಾಲರ್‌ನಲ್ಲಿ ಅದು ಇದೆಯೇ’ ಎಂಬ ಪ್ರಶ್ನೆ ಎಲ್ಲರಿಗೂ ಬಂತು. ಎಲೆಕ್ಟ್ರಾನ್ ಒಳಗೂ ಅದೇ ಲೈಬ್ರರಿ ಇತ್ತು, ಚಿತ್ರಗಳನ್ನು ತೆರೆಯುವ ಎಷ್ಟೋ ಪ್ಯಾಕೇಜ್‌ಗಳ ಒಳಗೂ ಇತ್ತು. ಪಟ್ಟಿ ಇದ್ದವರು ಒಂದು ಹುಡುಕಾಟದಲ್ಲಿ ಉತ್ತರ ಕಂಡುಕೊಳ್ಳಬಹುದಿತ್ತು.

## ಇವು ಕಂಡರೆ ಬಿಡುಗಡೆ ನಿಲ್ಲಿಸಿ

ಶೀಟ್‌ನಲ್ಲಿ ‘ಲೈಸೆನ್ಸ್ ಗೊತ್ತಿಲ್ಲ’ ಎಂಬ ಸಾಲು ಇನ್ನೂ ಉಳಿದಿದೆ. ಯಾವುದೋ ಡಿಎಲ್‌ಎಲ್ ಎಲ್ಲಿಂದ ಬಂತು ಎಂದು ತಂಡದಲ್ಲಿ ಯಾರಿಗೂ ನೆನಪಿಲ್ಲ. ಡಿಪೆಂಡೆನ್ಸಿ ಅಪ್‌ಡೇಟ್ ಆಗಿದೆ, ಲೈಸೆನ್ಸಸ್ ಫೋಲ್ಡರ್ ಮಾತ್ರ ಹಳೆಯದೇ. ಲೈಸೆನ್ಸ್ ಪಠ್ಯದಲ್ಲಿ ಓಪನ್ ಸೋರ್ಸ್‌ನಂತೆ ಕಂಡರೂ ‘ವಾಣಿಜ್ಯ ಬಳಕೆಗೆ ಇಲ್ಲ’ ಎಂಬಂಥ ಸಾಲು ಇದೆ, ಅಥವಾ ‘ಬಿಸಿನೆಸ್ ಸೋರ್ಸ್ ಲೈಸೆನ್ಸ್’ ಎಂಬ ಹೆಸರಿದೆ. ಇವುಗಳಲ್ಲಿ ಒಂದಿದ್ದರೂ ಸಾಕು, ನಿಲ್ಲಿಸಿ.

## ಆಗಲೇ ತಪ್ಪಾಗಿ ಬಿಡುಗಡೆ ಆಗಿದ್ದರೆ

ಮೊದಲು ಆ ಇನ್‌ಸ್ಟಾಲರ್‌ನ ಡೌನ್‌ಲೋಡ್ ನಿಲ್ಲಿಸಿ. ಬಿಟ್ಟುಹೋದ ಪಠ್ಯ, ಸೋರ್ಸ್ ಸೇರಿಸಿ ಹೊಸ ಆವೃತ್ತಿ ಹಾಕಿ. ಹಳೆಯ ಆವೃತ್ತಿ ಪಡೆದವರಿಗೂ ಅವು ಸಿಗುವ ಹಾಗೆ ಅದೇ ಪುಟದಲ್ಲಿ ಇಡಿ.

ಲೈಬ್ರರಿ ಬರೆದವರಿಂದ ಪತ್ರ ಬಂದಿದ್ದರೆ ಅದನ್ನು ಮೂಲೆಗೆ ಸರಿಸಬೇಡಿ, ಅದೇ ದಿನ ಉತ್ತರ ಕೊಡಿ. ಜಿಪಿಎಲ್ 3ರಲ್ಲಿ, ಆ ಹಕ್ಕುದಾರರಿಂದ ಬಂದ ಮೊದಲ ನೋಟಿಸ್ ಆಗಿದ್ದು, ಕೈಸೇರಿದ 30 ದಿನದೊಳಗೆ ತಪ್ಪು ಸರಿಪಡಿಸಿದರೆ ನಿಮ್ಮ ಹಕ್ಕು ಪೂರ್ತಿ ವಾಪಸ್ ಬರುತ್ತದೆ. ಜಿಪಿಎಲ್ 2ರ ಪಠ್ಯದಲ್ಲಿ ಇಂಥ ಅವಕಾಶ ಇಲ್ಲ. ಷರತ್ತು ಮುರಿದ ಕ್ಷಣದಲ್ಲೇ ಹಕ್ಕು ಹೋಗುತ್ತದೆ, ಮತ್ತೆ ಬೇಕೆಂದರೆ ಬರೆದವರನ್ನೇ ಕೇಳಬೇಕು. ಹಾಗಾಗಿ ಉತ್ತರ ಬರೆಯುವ ಮೊದಲು ಶೀಟ್ ತೆರೆದು, ಆ ಲೈಬ್ರರಿಯ ಸಾಲಿನಲ್ಲಿ ಯಾವ ಆವೃತ್ತಿಯ ಲೈಸೆನ್ಸ್ ಬರೆದಿದ್ದೀರಿ ಎಂದು ನೋಡಿಕೊಳ್ಳಿ.